ಯೂನಿಟ್‌ನೊಳಗೆ ನಡೆಯುವ ತನಿಖೆಯಲ್ಲಿ ಜವಾನನಿಗೆ ಏನೇನು ಹಕ್ಕುಗಳಿವೆ?

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರೈತ ಕುಟುಂಬದವರು. ನನ್ನ ತಮ್ಮ ಸೇನೆಗೆ ಸೇರಿ ಹದಿಮೂರು ವರ್ಷವಾಯಿತು, ಈಗ ನಾಯಕ್ ಹುದ್ದೆಯಲ್ಲಿದ್ದಾನೆ. ಅವನು ನೋಡಿಕೊಳ್ಳುತ್ತಿದ್ದ ಡೀಸೆಲ್ ದಾಸ್ತಾನಿನ ಲೆಕ್ಕದಲ್ಲಿ ಕೊರತೆ ಕಂಡುಬಂದಿದೆ ಎಂದು ವಿಚಾರಣೆ ನಡೆಯುತ್ತಿದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೇಳಿಕೆಗೆ ಸಹಿ ಮಾಡಿಸಿಕೊಂಡಿದ್ದಾರಂತೆ. ‘ಒಪ್ಪಿಕೊಂಡುಬಿಡು, ಸಣ್ಣ ಶಿಕ್ಷೆಯಲ್ಲಿ ಮುಗಿಯುತ್ತದೆ’ ಎಂದು ಯೂನಿಟ್‌ನಲ್ಲಿ ಕೆಲವರು ಹೇಳುತ್ತಿದ್ದಾರಂತೆ. ಪೊಲೀಸರಿಲ್ಲ, ಎಫ್‌ಐಆರ್ ಇಲ್ಲ, ವಕೀಲರಿಲ್ಲ. ಇದು ಎಂಥ ತನಿಖೆ? ಗಡಿ ರಾಜ್ಯಗಳಲ್ಲಿ ಅಮಾಯಕರನ್ನು ಕೊಂದ ಆರೋಪ ಬಂದಾಗ ಸೇನೆ ತನ್ನವರನ್ನು ಬಿಟ್ಟುಬಿಡುತ್ತದೆ ಎಂದು ಪತ್ರಿಕೆಗಳಲ್ಲಿ ಓದಿದ್ದೇವೆ. ಹಾಗಿರುವಾಗ ಡೀಸೆಲ್ ಲೆಕ್ಕಕ್ಕೆ ಒಬ್ಬ ಬಡ ಜವಾನನ ಮೇಲೆ ಇಷ್ಟು ಬಿಗಿ ಏಕೆ?

ಉತ್ತರ: ನಿಮ್ಮ ತಮ್ಮ ಮುಂದಿನ ಸಲ ಫೋನ್ ಮಾಡಿದಾಗ ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಅವನು ಸಹಿ ಮಾಡಿದ ಹೇಳಿಕೆ ‘ಕೋರ್ಟ್ ಆಫ್ ಎನ್‌ಕ್ವೈರಿ’ಯಲ್ಲಿ (ಏನು ನಡೆಯಿತೆಂದು ತಿಳಿಯುವ ಮೊದಲ ವಿಚಾರಣೆ) ಕೊಟ್ಟದ್ದೋ ಅಥವಾ ‘ಸಮ್ಮರಿ ಆಫ್ ಎವಿಡೆನ್ಸ್’ನಲ್ಲಿ (ಆರೋಪ ಬಂದ ಮೇಲೆ ಸಾಕ್ಷ್ಯ ಬರೆದುಕೊಳ್ಳುವ ಮುಂದಿನ ಹಂತ) ಕೊಟ್ಟದ್ದೋ? ಅಲ್ಲಿ ಅವನನ್ನು ಬರೀ ಸಾಕ್ಷಿಯಾಗಿ ಕರೆದಿದ್ದರೋ ಅಥವಾ ಅವನ ಮೇಲೆಯೇ ಸಂಶಯವಿದೆ ಎಂದು ತಿಳಿಸಿ ಕೂರಿಸಿದ್ದರೋ? ಪ್ರಕರಣ ಯಾವ ದಿಕ್ಕಿಗೆ ಹೋಗುತ್ತದೆ ಎನ್ನುವುದು ಈ ಎರಡು ಉತ್ತರಗಳ ಮೇಲೆ ನಿಂತಿದೆ. ಅದು ಸ್ಪಷ್ಟವಾಗುವವರೆಗೆ ಅವನು ಏನನ್ನೂ ಒಪ್ಪಿಕೊಳ್ಳುವುದು ಬೇಡ. ಸಣ್ಣ ಶಿಕ್ಷೆಯ ಭರವಸೆಯನ್ನು ಯಾರು ಕೊಟ್ಟಿದ್ದರೂ ಸರಿ, ಅದನ್ನು ನಂಬಿ ತಪ್ಪೊಪ್ಪಿಕೊಳ್ಳುವುದಂತೂ ಬೇಡವೇ ಬೇಡ.

ನಾನು ಸೇನೆಯ ಕಾನೂನು ವಿಭಾಗದಲ್ಲಿ ಕೆಲಸ ಮಾಡಿ, ಈಗ ಹಾಸನದಲ್ಲಿ ವಕೀಲಿ ವೃತ್ತಿಯಲ್ಲಿದ್ದೇನೆ. ಅರಸೀಕೆರೆ, ಚನ್ನರಾಯಪಟ್ಟಣ, ಬೇಲೂರು ಕಡೆಯಿಂದ ಬರುವ ಸೈನಿಕರ ಮನೆಯವರು ನನ್ನ ಮುಂದೆ ಕಾಗದಗಳನ್ನು ಹರಡುವಷ್ಟರಲ್ಲಿ ಬಹುತೇಕ ಶಿಕ್ಷೆ ಆಗಿಹೋಗಿರುತ್ತದೆ. ಅವರ ಕಣ್ಣೆಲ್ಲ ಸೇನೆಯದೇ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ನ ತೀರ್ಪಿನ ಮೇಲೆ. ನಾನು ಮೊದಲು ಹುಡುಕುವುದು ಅದಕ್ಕೂ ಎಷ್ಟೋ ತಿಂಗಳ ಹಿಂದೆ, ಯೂನಿಟ್‌ನ ಒಂದು ಕೋಣೆಯಲ್ಲಿ ಬರೆದ ಮೊದಲ ಹೇಳಿಕೆಗಳನ್ನು. ಸೇನೆಯ ಅಪರಾಧ ಪ್ರಕರಣಗಳಲ್ಲಿ ನ್ಯಾಯ ಉಳಿಯುವುದೂ ಕೆಡುವುದೂ ಅಲ್ಲಿ. ನಿಮ್ಮ ಎರಡೂ ಪ್ರಶ್ನೆಗಳಿಗೆ ನನ್ನ ಉತ್ತರ ಇದೊಂದೇ. ಬಿಡಿಸಿ ಹೇಳುತ್ತೇನೆ.

ಯೂನಿಟ್‌ನಲ್ಲಿ ಏನಾದರೂ ಕಳೆದುಹೋದರೆ, ಲೆಕ್ಕ ತಪ್ಪಿದರೆ, ಯಾರಾದರೂ ಗಾಯಗೊಂಡರೆ ಕೋರ್ಟ್ ಆಫ್ ಎನ್‌ಕ್ವೈರಿ ಕೂರುತ್ತದೆ. ಹೆಸರಿನಲ್ಲಿ ಕೋರ್ಟ್ ಇದ್ದರೂ ಅದು ನ್ಯಾಯಾಲಯವಲ್ಲ. ಸೇನಾ ನಿಯಮಗಳ (1954) 177ನೇ ನಿಯಮದ ಪ್ರಕಾರ ಕೆಲವು ಅಧಿಕಾರಿಗಳು, ಅಥವಾ ಅಧಿಕಾರಿಗಳೂ ಜೆಸಿಓಗಳೂ (ಸುಬೇದಾರರಂಥ ಜೂನಿಯರ್ ಕಮಿಷನ್ಡ್ ಅಧಿಕಾರಿಗಳು) ಸೇರಿ, ಸಾಕ್ಷ್ಯ ಸಂಗ್ರಹಿಸುವ ಮಂಡಳಿ ಅದು. ಅವರು ಇನ್‌ಫೆಂಟ್ರಿಯವರೋ ಸಿಗ್ನಲ್ಸ್‌ನವರೋ ಆಗಿರುತ್ತಾರೆ. ಅಪರಾಧ ತನಿಖೆ ಅವರ ಕಸುಬಲ್ಲ. ಎದುರು ಕುಳಿತವನು ದಿನವೂ ಸೆಲ್ಯೂಟ್ ಹೊಡೆಯುವ ಜವಾನ. ಆ ಕೋಣೆಯಲ್ಲಿ ಕೇಳಿದ ಪ್ರಶ್ನೆ ಅವನ ಕಿವಿಗೆ ಪ್ರಶ್ನೆಯಾಗಿ ಬೀಳುವುದಿಲ್ಲ, ಆದೇಶವಾಗಿ ಬೀಳುತ್ತದೆ.

ಕಾನೂನಿಗೆ ಇದರ ಅರಿವಿದೆ. ಅದಕ್ಕೇ 180ನೇ ನಿಯಮ ಇರುವುದು. ಯಾರ ಚಾರಿತ್ರ್ಯಕ್ಕೆ ಅಥವಾ ಸೈನಿಕ ಪ್ರತಿಷ್ಠೆಗೆ ವಿಚಾರಣೆಯಿಂದ ಧಕ್ಕೆಯಾಗುವ ಸಂಭವವಿದೆಯೋ ಅವರು ವಿಚಾರಣೆಯುದ್ದಕ್ಕೂ ಹಾಜರಿರಲು ಪೂರ್ಣ ಅವಕಾಶ ಕೊಡಬೇಕು. ತನ್ನ ವಿರುದ್ಧ ಹೇಳಿದ ಪ್ರತಿ ಸಾಕ್ಷಿಯನ್ನೂ ಪಾಟೀಸವಾಲು ಮಾಡಲು, ತನ್ನ ಕಡೆಯ ಸಾಕ್ಷಿಗಳನ್ನು ಕರೆಸಲು, ತನ್ನ ಹೇಳಿಕೆ ಕೊಡಲು ಅವರಿಗೆ ಹಕ್ಕಿದೆ. ಎಷ್ಟೋ ಸಲ ನಡೆಯುವುದೇ ಬೇರೆ. ಮೊದಲ ಕೆಲವು ದಿನ ಉಗ್ರಾಣದ ಹುಡುಗರು, ಚಾಲಕರು, ಕಾವಲಿನವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಹೇಳಿಕೆ ಕೊಟ್ಟು ಬರುತ್ತಾರೆ. ಸಂಶಯಕ್ಕೆ ಗುರಿಯಾದವನು ಹೊರಗೆ ಡ್ಯೂಟಿಯಲ್ಲಿರುತ್ತಾನೆ. ಕೊನೆಗೆ ಅವನನ್ನು ಕರೆದು, ಬರೆದಿಟ್ಟ ಹೇಳಿಕೆಗಳನ್ನು ಓದಿ ಹೇಳಿ, ‘ಕೇಳುವುದೇನಾದರೂ ಇದೆಯೇ?’ ಎನ್ನುತ್ತಾರೆ. ಅವನು ಇಲ್ಲ ಎನ್ನುತ್ತಾನೆ. ‘ಪಾಟೀಸವಾಲಿಗೆ ನಿರಾಕರಿಸಿದರು’ ಎಂದು ಕಾಗದದ ಮೇಲೆ ಒಂದು ಸಾಲು ಬೀಳುತ್ತದೆ.

ಆ ಒಂದು ಸಾಲಿಗೆ ಎಷ್ಟು ಬೆಲೆಯಿದೆ ನೋಡಿ. ಮುಂದಿನ ಹಂತದಲ್ಲಿ, 22ನೇ ನಿಯಮದ ಪ್ರಕಾರ, ಕಮಾಂಡಿಂಗ್ ಅಧಿಕಾರಿ ಆರೋಪವನ್ನು ಆರೋಪಿಯ ಎದುರಿನಲ್ಲೇ ಆಲಿಸಬೇಕು. ಸಾಕ್ಷಿಗಳನ್ನು ಪ್ರಶ್ನಿಸಲು ಅಲ್ಲಿಯೂ ಅವಕಾಶವಿದೆ. ಅಪರಾಧವೇ ಕಾಣದಿದ್ದರೆ ಆರೋಪವನ್ನು ಅಲ್ಲೇ ವಜಾ ಮಾಡಬೇಕು. ಆದರೆ ಕೋರ್ಟ್ ಆಫ್ ಎನ್‌ಕ್ವೈರಿಯಲ್ಲಿ 180ನೇ ನಿಯಮ ಪಾಲನೆಯಾಗಿದ್ದರೆ ಈ ಆಲಿಕೆಯನ್ನು ಕಮಾಂಡಿಂಗ್ ಅಧಿಕಾರಿ ಕೈಬಿಡಬಹುದು. ಅಂದರೆ ಮೊದಲ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡವನಿಗೆ ಎರಡನೆಯ ಬಾಗಿಲೂ ಮುಚ್ಚಬಹುದು.

ಡೀಸೆಲ್ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆಗಳೇನು ಎಂದು ನಿಮ್ಮ ತಮ್ಮನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅವನು ಕೇಳಬೇಕಷ್ಟೆ. ದಾಸ್ತಾನನ್ನು ಹಿಂದಿನವರಿಂದ ವಹಿಸಿಕೊಂಡ ದಿನ ಬ್ಯಾರೆಲ್‌ಗಳಿಗೆ ಅಳತೆಕೋಲು ಇಳಿಸಿ ನೋಡಿದ್ದರೇ, ಅಥವಾ ಲೆಡ್ಜರ್‌ನ ಅಂಕಿಯನ್ನೇ ನಂಬಿ ಇಬ್ಬರೂ ಸಹಿ ಹಾಕಿದ್ದರೇ? ತುರ್ತಾಗಿ ಹೊರಟ ವಾಹನಕ್ಕೆ ವೋಚರ್ ಇಲ್ಲದೆ, ಬಾಯಿಮಾತಿನ ಮೇಲೆ ಇಂಧನ ಕೊಡಿಸಿದವರು ಯಾರು? ಆ ದಿನದ ವಾಹನ ಡೈರಿಯಲ್ಲಿ ಓಡಿದ ದೂರ ಎಷ್ಟು ದಾಖಲಾಗಿದೆ? ಉಗ್ರಾಣದ ಬೀಗದ ಕೈ ಎಷ್ಟು ಜನರ ಹತ್ತಿರ ಓಡಾಡುತ್ತಿತ್ತು, ಕಾವಲು ರಿಜಿಸ್ಟರ್‌ನಲ್ಲಿ ಅದರ ದಾಖಲೆ ಇದೆಯೇ? ಕೊರತೆ ಇದೆ ಎಂಬುದು ಒಂದು ಸಂಗತಿ. ಕದ್ದವನು ಇವನೇ ಎಂಬುದು ಬೇರೆಯೇ ಸಂಗತಿ. ಅವಸರದ ತನಿಖೆ ಮೊದಲನೆಯದನ್ನು ತೋರಿಸಿ ಎರಡನೆಯದೂ ಸಾಬೀತಾಯಿತು ಎಂದುಬಿಡುತ್ತದೆ. ಈ ದಾಖಲೆಗಳನ್ನು ತರಿಸಿ ಎಂದು ಅವನು ಲಿಖಿತವಾಗಿ ಕೇಳಲಿ. ತಿರಸ್ಕರಿಸಿದರೂ ಚಿಂತೆಯಿಲ್ಲ, ಕೇಳಿದ ಅರ್ಜಿಯ ಪ್ರತಿ ಇಟ್ಟುಕೊಳ್ಳಲಿ. ಮೇಲ್ಮನವಿಯಲ್ಲಿ ಆ ಪ್ರತಿಯೇ ದೊಡ್ಡ ಆಧಾರವಾಗುತ್ತದೆ.

ಸಹಿ ಮಾಡಿದ ಹೇಳಿಕೆಯ ವಿಷಯಕ್ಕೆ ಬರುತ್ತೇನೆ. ಅದು ಕೋರ್ಟ್ ಆಫ್ ಎನ್‌ಕ್ವೈರಿಯದ್ದಾಗಿದ್ದರೆ ಕೈಚೆಲ್ಲಿ ಕೂರಬೇಡಿ. 182ನೇ ನಿಯಮದ ಪ್ರಕಾರ ಅಲ್ಲಿಯ ಹೇಳಿಕೆಯಾಗಲಿ, ತಪ್ಪೊಪ್ಪಿಗೆಯಾಗಲಿ ಕೋರ್ಟ್ ಮಾರ್ಷಲ್‌ನಲ್ಲಿ ಅವನ ವಿರುದ್ಧ ಸಾಕ್ಷ್ಯವಾಗುವಂತಿಲ್ಲ. ಸುಳ್ಳು ಸಾಕ್ಷ್ಯ ಹೇಳಿದ ಆರೋಪದ ಮೇಲೆ ನಡೆಯುವ ವಿಚಾರಣೆ ಇದಕ್ಕೆ ಅಪವಾದ. ಆದರೆ ಅದೇ ಹೇಳಿಕೆಯ ಆಧಾರದ ಮೇಲೆ ಆಡಳಿತಾತ್ಮಕ ಕ್ರಮಕ್ಕೆ ಕಾರಣ ಕೇಳಿ ನೋಟಿಸ್ ಬರಬಹುದು, ಆದ್ದರಿಂದ ಅದನ್ನು ಹಗುರವಾಗಿಯೂ ಕಾಣಬೇಡಿ. ತನ್ನ ಚಾರಿತ್ರ್ಯಕ್ಕೆ ಸಂಬಂಧಿಸಿದ ಹೇಳಿಕೆ ಮತ್ತು ದಾಖಲೆಗಳ ಪ್ರತಿ ಪಡೆಯುವ ಹಕ್ಕನ್ನು 184ನೇ ನಿಯಮ ಕೊಡುತ್ತದೆ. ಸೇನಾ ಮುಖ್ಯಸ್ಥರು ಕಾರಣ ಬರೆದು ತಡೆದರೆ ಮಾತ್ರ ಅದು ಸಿಗುವುದಿಲ್ಲ. ಅವನು ಇವತ್ತೇ ಪ್ರತಿ ಕೇಳಲಿ.

ಹೇಳಿಕೆ ಸಮ್ಮರಿ ಆಫ್ ಎವಿಡೆನ್ಸ್‌ನದ್ದಾದರೆ ವಿಷಯ ಗಂಭೀರ. ಇದು 23ನೇ ನಿಯಮದ ಹಂತ. ಇಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಆರೋಪಿಯ ಎದುರಿನಲ್ಲಿ ಬರೆದುಕೊಳ್ಳುತ್ತಾರೆ, ಅವನು ಪಾಟೀಸವಾಲು ಮಾಡಬಹುದು. ಕೊನೆಗೆ ಅವನಿಗೆ ಎಚ್ಚರಿಕೆ ಕೊಡಬೇಕು: ನೀನು ಏನನ್ನೂ ಹೇಳಲೇಬೇಕೆಂಬ ಕಡ್ಡಾಯವಿಲ್ಲ, ಹೇಳಿದ್ದನ್ನು ಬರೆದುಕೊಳ್ಳುತ್ತೇವೆ, ಅದು ಸಾಕ್ಷ್ಯವಾಗಬಹುದು. ಸುಮ್ಮನಿರುವುದು ಅವನ ಹಕ್ಕು, ಉದ್ಧಟತನವಲ್ಲ. ಅವನು ಕೊಟ್ಟ ಹೇಳಿಕೆಯ ಮೇಲೆ ಅವನನ್ನೇ ಅಡ್ಡಪ್ರಶ್ನೆ ಮಾಡುವಂತೆಯೂ ಇಲ್ಲ.

ಇಂಗ್ಲಿಷ್ ಕಾಗದದ ಬಗ್ಗೆ ನೀವು ಬರೆದದ್ದು ನನ್ನನ್ನು ಕಾಡಿತು, ಏಕೆಂದರೆ ನಮ್ಮ ಭಾಗದ ಹುಡುಗರ ಪ್ರಕರಣಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಇದೇ. ಸಮ್ಮರಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ನಿಯಮ ಹೇಳುತ್ತದೆ. ಅದೇ ನಿಯಮದ ಮುಂದಿನ ವಾಕ್ಯವನ್ನು ಯಾರೂ ನೆನಪಿಸುವುದಿಲ್ಲ. ಆರೋಪಿಗೋ ಸಾಕ್ಷಿಗೋ ಇಂಗ್ಲಿಷ್ ಬರದಿದ್ದರೆ, ಬರೆದದ್ದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಲೇಬೇಕು. ಪರೇಡ್ ಮೈದಾನದ ಹಿಂದಿ ಬಂದ ಮಾತ್ರಕ್ಕೆ ‘ಅಪ್ರಾಮಾಣಿಕ ದುರುಪಯೋಗ’, ‘ನಿರ್ಲಕ್ಷ್ಯದಿಂದಾದ ನಷ್ಟ’ ಇವುಗಳ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವನ ಕೆಲಸ, ಪಿಂಚಣಿ ಎರಡೂ ಆ ವ್ಯತ್ಯಾಸದ ಮೇಲೆಯೇ ನಿಂತಿರುತ್ತವೆ. ಕನ್ನಡ ಬಲ್ಲ ದುಭಾಷಿ ಬೇಕೆಂದು ಅವನು ಕೇಳಲಿ. ಕರ್ನಾಟಕದವರಿಲ್ಲದ ಯೂನಿಟ್ ಅಪರೂಪ, ಹುಡುಕಿದರೆ ಒಬ್ಬರು ಸಿಕ್ಕೇ ಸಿಗುತ್ತಾರೆ. ಅರ್ಥವಾಗದೆ ಸಹಿ ಹಾಕಲೇಬೇಕಾದ ಒತ್ತಡ ಬಂದರೆ, ಸಹಿಯ ಪಕ್ಕದಲ್ಲೇ ‘ನನಗೆ ಕನ್ನಡದಲ್ಲಿ ವಿವರಿಸಿಲ್ಲ’ ಎಂದು ಕನ್ನಡದಲ್ಲೇ ಬರೆದು ದಿನಾಂಕ ಹಾಕಲಿ.

ಇನ್ನು ‘ಒಪ್ಪಿಕೋ’ ಎಂಬ ಸಲಹೆ. ಕಮಾಂಡಿಂಗ್ ಅಧಿಕಾರಿಗೆ ಎರಡು ರೀತಿಯ ಶಿಕ್ಷಾಧಿಕಾರವಿದೆ. ಸೇನಾ ಕಾಯ್ದೆ 1950ರ 80ನೇ ಸೆಕ್ಷನ್ನಿನಲ್ಲಿ ಛೀಮಾರಿ, ದಂಡದಂಥ ಸಣ್ಣ ಶಿಕ್ಷೆಗಳಿವೆ. ಅದರಲ್ಲಿ ಸೇವೆಯಿಂದ ವಜಾ ಮಾಡುವ ಅಧಿಕಾರವಿಲ್ಲ. ಇನ್ನೊಂದು ಸಮ್ಮರಿ ಕೋರ್ಟ್ ಮಾರ್ಷಲ್, ಅಂದರೆ ಕಮಾಂಡಿಂಗ್ ಅಧಿಕಾರಿಯೇ ತೀರ್ಪು ಕೊಡುವ ಸಂಕ್ಷಿಪ್ತ ವಿಚಾರಣೆ. ಅಲ್ಲಿ ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯ ಕಮಾಂಡಿಂಗ್ ಅಧಿಕಾರಿ ಒಂದು ವರ್ಷದವರೆಗೆ ಜೈಲು ವಿಧಿಸಬಹುದು, ವಜಾ ಮಾಡಬಹುದು, ಮತ್ತು ಆ ಶಿಕ್ಷೆ ಮೇಲಧಿಕಾರಿಯ ದೃಢೀಕರಣಕ್ಕೆ ಕಾಯದೆ ಜಾರಿಯಾಗುತ್ತದೆ. ‘ಸಣ್ಣ ಶಿಕ್ಷೆ’ ಎಂದು ಹೇಳುವವರು ಮೊದಲನೆಯದನ್ನು ಆಸೆ ತೋರಿಸುತ್ತಾರೆ. ಹುಡುಗ ಎರಡನೆಯದರ ಎದುರು ನಿಂತು ತಪ್ಪೊಪ್ಪಿಕೊಂಡಿರುತ್ತಾನೆ. ಒಪ್ಪಿಕೊಂಡ ಮೇಲೆ ಸಾಕ್ಷಿಗಳನ್ನು ಕರೆಯುವುದಿಲ್ಲ, ಸಮ್ಮರಿ ಓದಿ ಶಿಕ್ಷೆ ಬರೆಯುತ್ತಾರೆ. ಜವಾನರ ಪಿಂಚಣಿಗೆ ಹದಿನೈದು ವರ್ಷದ ಸೇವೆ ಬೇಕು. ನಿಮ್ಮ ತಮ್ಮನದು ಹದಿಮೂರು. ವಜಾ ಆದರೆ ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ.

ಈ ವ್ಯವಸ್ಥೆಯ ಮೂಲದೋಷ ಎಲ್ಲಿದೆ ಎನ್ನುವುದು ನಮ್ಮ ಮಲೆನಾಡಿನವರಿಗೆ ಸುಲಭವಾಗಿ ಅರ್ಥವಾದೀತು. ಸಕಲೇಶಪುರದ ಒಂದು ತೋಟದಲ್ಲಿ ಕಾಫಿ ಮೂಟೆ ಕಾಣೆಯಾಯಿತು ಎನ್ನಿ. ದೂರು ಕೊಡುವವರೂ ಮ್ಯಾನೇಜರ್, ತೋಟದ ಲೆಕ್ಕ ಬರೆಯುವ ರೈಟರ್‌ನನ್ನು ವಿಚಾರಿಸಲು ಜನ ನೇಮಿಸುವವರೂ ಮ್ಯಾನೇಜರ್, ಅವನ ಪರ ಮಾತನಾಡುವವರನ್ನು ಗೊತ್ತು ಮಾಡುವವರೂ ಅವರೇ, ಕೊನೆಗೆ ತೀರ್ಪು ಕೊಟ್ಟು ಜೈಲಿಗೆ ಕಳಿಸುವವರೂ ಅವರೇ. ಮ್ಯಾನೇಜರ್ ಎಷ್ಟೇ ಸತ್ಯವಂತರಾಗಿರಲಿ, ರೈಟರ್‌ನ ಮನೆಯವರು ಅದನ್ನು ನ್ಯಾಯ ಎಂದು ನಂಬುವುದು ಹೇಗೆ? ನಾನು ಕಂಡ ಕಮಾಂಡಿಂಗ್ ಅಧಿಕಾರಿಗಳಲ್ಲಿ ಹೆಚ್ಚಿನವರು ತಮ್ಮ ಜವಾನರನ್ನು ಮಕ್ಕಳಂತೆ ಕಂಡವರು. ಆದರೆ ಉಗ್ರಾಣದ ಕೊರತೆ ಅವರ ಆಡಳಿತದ ಮೇಲೂ ಕಪ್ಪುಚುಕ್ಕೆ. ಒಬ್ಬ ನಾಯಕ್ ಸಿಕ್ಕಿಬಿದ್ದರೆ ಪ್ರಶ್ನೆ ಮೇಲಕ್ಕೆ ಏರುವುದಿಲ್ಲ. ಈ ಹಿತಾಸಕ್ತಿಯ ಸಂಘರ್ಷವನ್ನು ವ್ಯಕ್ತಿಯ ಒಳ್ಳೆಯತನಕ್ಕೆ ಬಿಟ್ಟು ಸುಮ್ಮನಿರಲು ಆಗುವುದಿಲ್ಲ.

ಸುಪ್ರೀಂ ಕೋರ್ಟ್ ಇದನ್ನು 1987ರಲ್ಲೇ ರಂಜಿತ್ ಠಾಕೂರ್ ಪ್ರಕರಣದಲ್ಲಿ ಕಂಡಿತು. ತನಗಾದ ಕಿರುಕುಳದ ಬಗ್ಗೆ ನೇರವಾಗಿ ಮೇಲಧಿಕಾರಿಗಳಿಗೆ ದೂರು ಬರೆದದ್ದಕ್ಕೆ ಒಬ್ಬ ಸಿಗ್ನಲ್ ಜವಾನನಿಗೆ 28 ದಿನದ ಶಿಕ್ಷೆಯಾಗಿತ್ತು. ಶಿಕ್ಷೆಯಲ್ಲಿದ್ದಾಗ ಊಟ ಮಾಡೆಂಬ ಆದೇಶವನ್ನು ಪಾಲಿಸಲಿಲ್ಲ ಎಂದು ಸಮ್ಮರಿ ಕೋರ್ಟ್ ಮಾರ್ಷಲ್ ನಡೆಸಿ ಒಂದು ವರ್ಷ ಕಠಿಣ ಸಜೆ ಕೊಟ್ಟು ಸೇವೆಯಿಂದ ವಜಾ ಮಾಡಿದರು. ವಿಚಾರಣೆಗೆ ಕುಳಿತವರಲ್ಲಿ ಅವನು ಯಾರ ಮೇಲೆ ದೂರು ಕೊಟ್ಟಿದ್ದನೋ ಆ ಅಧಿಕಾರಿಯೂ ಇದ್ದರು. ಕುಳಿತವರ ಬಗ್ಗೆ ಆಕ್ಷೇಪವಿದೆಯೇ ಎಂದು ಅವನನ್ನು ಕೇಳಿರಲಿಲ್ಲ. ಪಕ್ಷಪಾತದ ಶಂಕೆಗೆ ಎಡೆಯಿದ್ದ ವಿಚಾರಣೆ, ತಪ್ಪಿಗೆ ತಾಳೆಯಾಗದ ಶಿಕ್ಷೆ ಎಂದು ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡಿ ಅವನನ್ನು ಸೇವೆಗೆ ಮರಳಿಸಿತು. 2016ರ ವಿಶ್ವಪ್ರಿಯ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು: ಸಮ್ಮರಿ ಕೋರ್ಟ್ ಮಾರ್ಷಲ್ ಅಪವಾದವಾಗಿರಬೇಕು, ತಕ್ಷಣದ ಕ್ರಮ ಏಕೆ ಅನಿವಾರ್ಯ ಎಂಬುದಕ್ಕೆ ಕಾರಣ ದಾಖಲಾಗಿರಬೇಕು. ತಿಂಗಳುಗಟ್ಟಲೆ ನಡೆದ ಡೀಸೆಲ್ ವಿಚಾರಣೆಗೆ ತಕ್ಷಣದ ಅಗತ್ಯ ಎಲ್ಲಿಂದ ಬರಬೇಕು? ನಿಮ್ಮ ತಮ್ಮನ ವಕೀಲರು ಈ ತೀರ್ಪನ್ನು ಮೊದಲು ಮುಂದಿಡಬೇಕು.

ಅವನನ್ನು ಬಂಧನದಲ್ಲಿಟ್ಟಿದ್ದರೆ 48 ಗಂಟೆಯೊಳಗೆ ಆರೋಪದ ತನಿಖೆ ಶುರುವಾಗಬೇಕು. ವಿಚಾರಣೆ ತಡವಾದರೆ ಎಂಟು ದಿನಕ್ಕೊಮ್ಮೆ ಕಾರಣ ವರದಿಯಾಗಬೇಕು. ಆರೋಪಗಳನ್ನು ತಿಳಿಸಿದ ಮೇಲೆ ವಿಚಾರಣೆಗೆ ನಿಲ್ಲಿಸುವ ಮೊದಲು ಕನಿಷ್ಠ 96 ಗಂಟೆ ಕೊಡಬೇಕು. ಸಕ್ರಿಯ ಸೇವೆಯಲ್ಲಿದ್ದರೆ, ಅಂದರೆ ಯುದ್ಧ, ಕಾರ್ಯಾಚರಣೆಯಂಥ ಸ್ಥಿತಿಯಲ್ಲಿದ್ದರೆ, ಅದು 24 ಗಂಟೆ. ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿ ಅವನು ತನ್ನ ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಳ್ಳಬಹುದು, ಅವರು ವಕೀಲರೂ ಆಗಿರಬಹುದು. ಆದರೆ ಕಿವಿಯಲ್ಲಿ ಸಲಹೆ ಕೊಡಬಹುದೇ ಹೊರತು ಅವರು ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ, ವಾದ ಮಾಡುವಂತಿಲ್ಲ. ಹುಡುಗನ ಜೀವನವೇ ಪಣಕ್ಕಿಟ್ಟ ವಿಚಾರಣೆಯಲ್ಲಿ ವಕೀಲರ ಬಾಯಿ ಕಟ್ಟುವ ಈ ನಿಯಮವನ್ನು ನಾನು ಒಪ್ಪುವುದಿಲ್ಲ. ಇದು ಬದಲಾಗಲೇಬೇಕು. ಹಲವು ಅಧಿಕಾರಿಗಳು ಸೇರಿ ಕೂರುವ ಜನರಲ್ ಅಥವಾ ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್ ಆದರೆ ವಕೀಲರು ಪೂರ್ಣವಾಗಿ ವಾದಿಸಬಹುದು.

ನಿಮ್ಮ ಎರಡನೆಯ ಪ್ರಶ್ನೆ ಸಿಟ್ಟಿನಿಂದ ಬಂದದ್ದು, ಆ ಸಿಟ್ಟು ನ್ಯಾಯವಾದದ್ದು. ಒಂದು ಪ್ರಕರಣ ಹೇಳುತ್ತೇನೆ. 2000ದ ಮಾರ್ಚ್‌ನಲ್ಲಿ ಕಾಶ್ಮೀರದ ಪಥರಿಬಲ್‌ನಲ್ಲಿ ಐದು ಜನರನ್ನು ವಿದೇಶಿ ಉಗ್ರರೆಂದು ಹೇಳಿ ಕೊಲ್ಲಲಾಯಿತು. ಅವರು ಸ್ಥಳೀಯ ನಾಗರಿಕರು, ಇದು ನಕಲಿ ಎನ್‌ಕೌಂಟರ್ ಎಂದು ಸಿಬಿಐ 2006ರಲ್ಲಿ ಸೇನಾಧಿಕಾರಿಗಳ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಮೊಕದ್ದಮೆ ಸಾಮಾನ್ಯ ನ್ಯಾಯಾಲಯದಲ್ಲೋ ಕೋರ್ಟ್ ಮಾರ್ಷಲ್‌ನಲ್ಲೋ ಎಂದು ಸೇನೆ ಆಯ್ಕೆ ಮಾಡಲಿ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಸೇನೆ ತನ್ನ ದಾರಿಯನ್ನೇ ಆರಿಸಿಕೊಂಡಿತು. 2014ರ ಜನವರಿಯಲ್ಲಿ, ಸಮ್ಮರಿ ಆಫ್ ಎವಿಡೆನ್ಸ್ ದಾಖಲಿಸಿದ ಮೇಲೆ, ಆರೋಪಕ್ಕೆ ಮೇಲ್ನೋಟದ ಆಧಾರವೂ ಇಲ್ಲವೆಂದು ಪ್ರಕರಣವನ್ನು ಮುಚ್ಚಿತು. ಕೋರ್ಟ್ ಮಾರ್ಷಲ್ ಕೂರಲೇ ಇಲ್ಲ.

ಹಂತವನ್ನು ಗಮನಿಸಿ. ನಿಮ್ಮ ತಮ್ಮ ಕೂರಬೇಕಾದ ಅದೇ ಸಮ್ಮರಿ. ಡೀಸೆಲ್ ಪ್ರಕರಣದಲ್ಲಿ ಜವಾನನಿಗೆ ವಕೀಲರಿಲ್ಲ, ಇಂಥ ಕೊಲೆ ಪ್ರಕರಣದಲ್ಲಿ ಸತ್ತವರ ಮನೆಯವರಿಗೆ ಸಾಕ್ಷಿಯಾಗಿ ಬರುವುದನ್ನು ಬಿಟ್ಟರೆ ಪಾತ್ರವೇ ಇಲ್ಲ. ತನಿಖೆ ಯಾರ ಅಧೀನದಲ್ಲಿದೆಯೋ ಅವರಿಗೆ ಅನುಕೂಲವಾದರೆ ಡೀಸೆಲ್ ಕೊರತೆ ಕಳ್ಳತನವಾಗಬಹುದು, ಕೊಲೆಯ ಆರೋಪ ಆಧಾರರಹಿತವಾಗಬಹುದು. ಸೇನೆ ಎಲ್ಲರನ್ನೂ ರಕ್ಷಿಸುತ್ತದೆ ಎನ್ನುವುದೂ ಸರಿಯಲ್ಲ. 2010ರ ಮಾಛಿಲ್ ಪ್ರಕರಣದಲ್ಲಿ ಮೂವರು ಹಳ್ಳಿಗರನ್ನು ಕೊಂದದ್ದಕ್ಕೆ ಸೇನೆಯೇ ಕೋರ್ಟ್ ಮಾರ್ಷಲ್ ನಡೆಸಿ ಜೀವಾವಧಿ ವಿಧಿಸಿತ್ತು. 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. 2021ರ ಡಿಸೆಂಬರ್‌ನಲ್ಲಿ ನಾಗಾಲ್ಯಾಂಡ್‌ನ ಓಟಿಂಗ್‌ನಲ್ಲಿ ಗಣಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದವರ ಮೇಲೆ ಗುಂಡು ಹಾರಿದಾಗ ರಾಜ್ಯ ಪೊಲೀಸರ ವಿಶೇಷ ತಂಡ 30 ಸೈನಿಕರ ಮೇಲೆ ಆರೋಪಪಟ್ಟಿ ಹಾಕಿತು. ಕೇಂದ್ರ ಸರ್ಕಾರ ಮೊಕದ್ದಮೆಗೆ ಅನುಮತಿ ಕೊಡಲಿಲ್ಲ. ಆ ಸೈನಿಕರಲ್ಲಿ ತಪ್ಪು ಮಾಡದವರೂ ಇರಬಹುದು. ನ್ಯಾಯಾಲಯದಲ್ಲಿ ಪರೀಕ್ಷೆಯಾಗದ ತನಿಖೆಯಿಂದ ಅವರ ಹೆಸರೂ ಶುದ್ಧವಾಗಲಿಲ್ಲ, ಸತ್ತವರ ಮನೆಯವರಿಗೆ ಉತ್ತರವೂ ಸಿಗಲಿಲ್ಲ.

ಶಿಸ್ತು ಸಡಿಲವಾಗುತ್ತದೆ ಎಂಬುದು ಸುಧಾರಣೆಗೆ ಎದುರಾಗುವ ಮಾಮೂಲು ವಾದ. ನಮ್ಮ ಸೇನಾ ಕಾನೂನು ಯಾವ ಬ್ರಿಟಿಷ್ ಮಾದರಿಯಿಂದ ಬಂತೋ ಆ ಬ್ರಿಟನ್ನೇ ಅದನ್ನು ಬಿಟ್ಟು ದಶಕಗಳಾದವು. 1997ರ ಫಿಂಡ್ಲೆ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಆರೋಪ ನಿರ್ಧರಿಸುವ ಅಧಿಕಾರಿಯೇ ವಿಚಾರಣೆಯ ಸದಸ್ಯರನ್ನು ನೇಮಿಸಿ ತೀರ್ಪನ್ನೂ ದೃಢೀಕರಿಸುವ ಪದ್ಧತಿ ನ್ಯಾಯಸಮ್ಮತವಲ್ಲ ಎಂದಿತು. ಬ್ರಿಟನ್ ಪ್ರಾಸಿಕ್ಯೂಷನ್ ಅನ್ನು ಕಮಾಂಡಿನ ಕೈಯಿಂದ ಬೇರ್ಪಡಿಸಿತು. 2022ರಲ್ಲಿ ಗಂಭೀರ ಅಪರಾಧಗಳ ತನಿಖೆಗೆ ಮೂರೂ ಪಡೆಗಳಿಗೆ ಸೇರಿದ ಪ್ರತ್ಯೇಕ ಘಟಕವನ್ನೂ ತೆರೆಯಿತು. ಅಮೆರಿಕದಲ್ಲಿ 2023ರ ಕೊನೆಯಿಂದ ಕೊಲೆ, ಅತ್ಯಾಚಾರದಂಥ ಪ್ರಕರಣಗಳಲ್ಲಿ ಮೊಕದ್ದಮೆ ಹೂಡುವ ನಿರ್ಧಾರ ಕಮಾಂಡರ್‌ಗಳ ಬಳಿ ಇಲ್ಲ, ಸ್ವತಂತ್ರ ಸೇನಾ ವಕೀಲರ ಬಳಿ ಇದೆ. ಈ ಪಡೆಗಳ ಶಿಸ್ತು ಅದರಿಂದ ಕುಸಿಯಲಿಲ್ಲ. ನಮ್ಮಲ್ಲೂ ಗಂಭೀರ ಆರೋಪಗಳ ತನಿಖೆಯನ್ನು, ಯೂನಿಟ್‌ಗೆ ಉತ್ತರ ಹೇಳಬೇಕಿಲ್ಲದ, ತರಬೇತಿ ಪಡೆದ ತಂಡಕ್ಕೆ ಒಪ್ಪಿಸಬೇಕು. ಜವಾನನ ಹೇಳಿಕೆ ಬರೆಯುವಾಗ ವಿಡಿಯೊ ಚಿತ್ರೀಕರಣವಾಗಬೇಕು. ಮೊದಲನೆಯದಕ್ಕೆ ಕಾನೂನು ತಿದ್ದಬೇಕು, ಎರಡನೆಯದಕ್ಕೆ ಒಂದು ಆದೇಶ ಸಾಕು.

ನೀವು ಹಾಸನದಲ್ಲಿ ಕುಳಿತು ಮಾಡಬಹುದಾದ ಕೆಲಸಗಳಿವೆ. ಶಾಸಕರ, ಸಂಸದರ ಪತ್ರ ಹಿಡಿದು ಹೋಗಬೇಡಿ. ಹೊರಗಿನ ಒತ್ತಡ ತಂದ ಆರೋಪ ತಮ್ಮನ ಮೇಲೆಯೇ ತಿರುಗುತ್ತದೆ. ಅವನ ಅಹವಾಲಿಗೆ ಸೇನಾ ಕಾಯ್ದೆಯ 26ನೇ ಸೆಕ್ಷನ್ನಿನಲ್ಲಿ ದಾರಿಯಿದೆ, ಅದೇ ದಾರಿಯಲ್ಲಿ ಹೋಗಲಿ. ದಾಖಲೆಗಳ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸು ಎಂದು ಕೇಳಬೇಡಿ, ಅದೇ ಹೊಸ ಅಪರಾಧವಾದೀತು. ವಕೀಲರ ಶುಲ್ಕ ಹೊರೆಯಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ವಿಚಾರಿಸಿ. ಸೈನಿಕರಿಗೂ ಅವರ ಮನೆಯವರಿಗೂ ಕಾನೂನು ನೆರವು ಕೊಡುವ ಯೋಜನೆಯೊಂದನ್ನು ರಾಷ್ಟ್ರೀಯ ಪ್ರಾಧಿಕಾರ 2025ರಲ್ಲಿ ಆರಂಭಿಸಿದೆ.

ಕೊನೆಗೆ ಶಿಕ್ಷೆಯೇ ಆದರೂ ದಾರಿ ಮುಗಿಯುವುದಿಲ್ಲ. ಕೋರ್ಟ್ ಮಾರ್ಷಲ್ ತೀರ್ಪಿನ ಮೇಲೆ ಒಂದು ಮೇಲ್ಮನವಿಗೂ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಬೇಸರಪಟ್ಟಿತ್ತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬರಲು 2007ರವರೆಗೆ ಕಾಯಬೇಕಾಯಿತು. ಕರ್ನಾಟಕ ಆ ಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿ ವಜಾ ಅಥವಾ ಮೂರು ತಿಂಗಳಿಗೂ ಹೆಚ್ಚಿನ ಜೈಲು ಆಗಿದ್ದರೆ ಅಲ್ಲಿಗೆ ಹೋಗಬಹುದು. ಅಲ್ಲಿಯೂ ನ್ಯಾಯ ಸಿಗದಿದ್ದರೆ ಹೈಕೋರ್ಟ್‌ನ ಬಾಗಿಲು ತೆರೆದಿದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕೊಚ್ಚಿಗೆ ಹೊರಡುವ ದಿನ ಬಂದರೆ ಆರೋಪಪಟ್ಟಿ, ಸಮ್ಮರಿಯ ಪ್ರತಿ, ಅವನು ದುಭಾಷಿಗಾಗಿ ಮತ್ತು ದಾಖಲೆಗಳಿಗಾಗಿ ಕೊಟ್ಟ ಅರ್ಜಿಗಳ ಪ್ರತಿಗಳು ಕೈಯಲ್ಲಿರಬೇಕು. ಮೊದಲ ಎರಡನ್ನು ಸೇನೆ ಕೊಡುತ್ತದೆ. ಅರ್ಜಿಗಳನ್ನು ಅವನು ಈಗಲೇ ಬರೆದಿದ್ದರೆ ಮಾತ್ರ ಇರುತ್ತವೆ. ಆದ್ದರಿಂದ ಈ ವಾರವೇ ಬರೆಯಲು ಹೇಳಿ.